ಓದದೆ ಬಿಟ್ಟ ಎರಡು ಪುಟ

ಕಳೆದ ವಾರ ಸಾನ್ವಿಯ ಶಾಲೆಯ ಫಾರಂ ಮಳೆಯಲ್ಲಿ ನೆನೆದು ಮೆತ್ತಗಾಗಿತ್ತು. ನಿಮ್ಮ ಅಮ್ಮ ಅದನ್ನು ಟವೆಲಿನ ಮೇಲೆ ಹರಡಿ ಇಸ್ತ್ರಿ ಹಾಕಿದಳು. ಬಿಸಿ ಇಸ್ತ್ರಿಪೆಟ್ಟಿಗೆ ಒದ್ದೆ ಕಾಗದಕ್ಕೆ ತಾಗಿದಾಗ ಒಂದು ವಾಸನೆ ಏಳುತ್ತದೆ, ಗಂಜಿ ತಳ ಹಿಡಿದ ಹಾಗೆ. ಒಳಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನಾನು ಎದ್ದು ಬಂದು ಬಾಗಿಲಲ್ಲಿ ನಿಂತೆ. "ಏನಾಯ್ತು ಅತ್ತೆ?" ಎಂದು ಅವಳು ಕೇಳಿದಳು. ಏನಿಲ್ಲ ಎಂದೆ. ಏನಿಲ್ಲ ಎನ್ನುವುದು ನನಗೆ ಚಿಕ್ಕಂದಿನಿಂದ ಅಭ್ಯಾಸವಾದ ಮಾತು. ಆದರೆ ಈ ಸಲ ಹಾಗೆ ಹೇಳಿ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ನಿಶಾಂತನ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳೇ, ನಿಮಗೆ ಕನ್ನಡ ಓದುವುದು ನಿಧಾನ ಎಂದು ಗೊತ್ತು. ನಿಧಾನವಾಗಿಯೇ ಓದಿ. ನಡುವೆ ಯಾವುದನ್ನೂ ಹಾರಿಸಬೇಡಿ.

ಅದು ನಿಮ್ಮ ಅಜ್ಜನ ಕೊನೆಯ ಮಳೆಗಾಲ. ಆಕಾಶಕ್ಕೆ ಕಳಿಸಿದ ಹೊಸ ದೂರದರ್ಶಕದ ಮೊದಲ ಚಿತ್ರಗಳು ಪೇಪರಿನಲ್ಲಿ ಬಂದ ವರ್ಷ. ನಿಶಾಂತ ಆಗ ಎರಡನೇ ಕ್ಲಾಸು, ಸಾನ್ವಿ ಇನ್ನೂ ಶಾಲೆಗೆ ಅಳುತ್ತಾ ಹೋಗುತ್ತಿದ್ದಳು. ನಾವೆಲ್ಲ ಇದೇ ಸಾಂತಾಕ್ರೂಜ್‌ನ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿದ್ದೆವು. ಅಜ್ಜ ಮೂವತ್ತು ವರ್ಷಕ್ಕೂ ಮೇಲೆ ಇಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ನಮ್ಮ ಉಡುಪಿ ಕಡೆಯಿಂದ ಬಂದ ಹೋಟೆಲಿನವರ ಮಕ್ಕಳು, ವಿಜಾಪುರ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಅವರ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಅಷ್ಟರಲ್ಲಿ ಇವರು ರಿಟೈರ್ ಆಗಿದ್ದರು. ಆಮೇಲೆ ಸಕ್ಕರೆ ಕಾಯಿಲೆ ಮೊದಲು ಕಣ್ಣಿಗೆ ಕೈ ಹಾಕಿತು, ನಂತರ ಮೂತ್ರಪಿಂಡಕ್ಕೆ. ಆ ವರ್ಷದ ಹೊತ್ತಿಗೆ ಅವರಿಗೆ ಕಿಟಕಿ ಎಲ್ಲಿದೆ ಎನ್ನುವುದು ಕಾಣುತ್ತಿತ್ತು, ಕಿಟಕಿಯ ಹತ್ತಿರ ಯಾರಿದ್ದಾರೆ ಎನ್ನುವುದು ಕಾಣುತ್ತಿರಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್. ರಿಕ್ಷಾದಲ್ಲಿ ಹೋಗುವಾಗ ಕೈ ನನ್ನ ಭುಜದ ಮೇಲೆ. ರೈಲು ಹಳಿಯ ಕೆಳಗಿನ ಸಬ್‌ವೇಯಲ್ಲಿ ನೀರು ನಿಂತ ದಿನ ರಿಕ್ಷಾದವನು ಬಾರೆನೆಂದರೆ ನಾವು ಸೇತುವೆ ಹತ್ತಿ ಇಳಿದು ನಡೆದೇ ಹೋಗುತ್ತಿದ್ದೆವು. "ಎಷ್ಟು ಮೆಟ್ಟಿಲು ಉಂಟು ಅಂತ ನನಗೆ ಗೊತ್ತುಂಟು, ನೀನು ಎಣಿಸಬೇಡ," ಎಂದು ರೇಗುತ್ತಿದ್ದರು. ಎಣಿಸುತ್ತಿದ್ದವರು ಅವರೇ.

ಉಳಿದ ದಿನಗಳು ಬರವಣಿಗೆಗೆ. ಬೆಳಿಗ್ಗೆ ಒಂಬತ್ತೂವರೆಗೆ ನಿಮ್ಮ ಅಪ್ಪ ಅಮ್ಮ ಲೋಕಲ್ ರೈಲು ಹಿಡಿಯಲು ಓಡುತ್ತಿದ್ದರು, ನೀವು ಶಾಲೆಗೆ. ಮನೆ ತಣ್ಣಗಾದ ಮೇಲೆ ನಾನು ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಆರು ಹಾಳೆಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಜುಲೈ ತಿಂಗಳಲ್ಲಿ ಇಲ್ಲಿ ಗೋಡೆಯೂ ಬೆವರುತ್ತದೆ; ತೇವ ಹಿಡಿದ ಕಾಗದದ ಮೇಲೆ ಶಾಯಿ ಹರಡಿಬಿಡುತ್ತದೆ. ಬಾಲ್‌ಪೆನ್ನಿನಲ್ಲಿ ಬರೆದರೆ ಆಗದೇ ಎಂದರೆ ಇವರು ಒಪ್ಪುತ್ತಿರಲಿಲ್ಲ. ಶಾಯಿ ಪೆನ್ನು ಕಾಗದದ ಮೇಲೆ ಸರಿಯುವ ಸದ್ದು ಅವರಿಗೆ ಬೇಕಿತ್ತು. ಅದು ಕೇಳಿಸಿದರೆ ನಾನು ಎಲ್ಲಿಗೆ ಬಂದಿದ್ದೇನೆ ಎಂದು ಅವರಿಗೆ ತಿಳಿಯುತ್ತಿತ್ತು. ಅವರು ಮಂಚದ ಮೇಲೆ ಕಾಲು ಮಡಚಿ ಕೂತು ಹೇಳುವುದು, ನಾನು ಮಣೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುವುದು. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಅಕ್ಷರ ನನ್ನದು. ದುಂಡಗಿದೆ ಎಂದು ಅವರು ಕಣ್ಣಿದ್ದಾಗ ಹೇಳಿದ್ದರು.

ಬರೆಯುತ್ತಿದ್ದ ಲೇಖನದ ಹೆಸರು 'ವಿಶ್ವ ನಿಜವಾಗಿಯೂ ಹಿಗ್ಗುತ್ತಿದೆಯೇ?' ಎಂದು. ನನಗೆ ಮೊದಲು ಏನೂ ತಿಳಿಯುತ್ತಿರಲಿಲ್ಲ. ತಿಳಿಯದೆ ಬರೆದರೆ ತಪ್ಪು ಬೀಳುತ್ತದೆ ಎಂದು ಅವರೇ ಹೇಳಿಕೊಟ್ಟರು. ದೂರದಲ್ಲಿ ನಕ್ಷತ್ರಗಳ ದೊಡ್ಡ ದೊಡ್ಡ ಹಿಂಡುಗಳಿವೆ, ಅವನ್ನು ಗ್ಯಾಲಕ್ಸಿ ಎನ್ನುತ್ತಾರೆ. ಅವುಗಳ ಬೆಳಕು ನಮ್ಮನ್ನು ತಲುಪುವಾಗ ಇರಬೇಕಾದದ್ದಕ್ಕಿಂತ ಕೆಂಪಾಗಿರುತ್ತದೆ. ಹೆಚ್ಚು ದೂರದ್ದು ಹೆಚ್ಚು ಕೆಂಪು.

"ನಿನಗೆ ಫಾಸ್ಟ್ ಲೋಕಲ್‌ನ ಹಾರ್ನ್ ಗೊತ್ತುಂಟಲ್ಲ? ಹತ್ತಿರ ಬರುವಾಗ ಕೀರಲು, ದಾಟಿ ಹೋದ ಮೇಲೆ ದಪ್ಪ. ಬೆಳಕೂ ಹಾಗೇ. ದೂರ ಹೋಗುವ ವಸ್ತುವಿನ ಬೆಳಕು ಕೆಂಪಾಗ್ತದೆ. ಹಾಗಾಗಿ ಎಲ್ಲವೂ ಎಲ್ಲದರಿಂದ ದೂರ ಹೋಗ್ತಾ ಉಂಟು, ನಡುವಿನ ಜಾಗವೇ ಹಿಗ್ತಾ ಉಂಟು ಅಂತ ಅವರ ವಾದ."

"ನಿಮ್ಮದು?"

"ಬೆಳಕು ದಣಿದಿರಲಿಕ್ಕೂ ಸಾಕು ಅಂತ ನನ್ನದು. ಕೋಟಿಗಟ್ಟಲೆ ವರ್ಷ ನಡೆದು ಬಂದ ಬೆಳಕು. ದಾರಿಯಲ್ಲಿ ಶಕ್ತಿ ಕಳೆದುಕೊಂಡರೂ ಅದು ಕೆಂಪೇ ಆಗ್ತದೆ. ಕೆಂಪನ್ನು ನೋಡಿ ಓಟ ಅಂತ ಯಾಕೆ ಹೇಳ್ಬೇಕು? ದಣಿವು ಅಂತ ಯಾಕೆ ಹೇಳ್ಬಾರ್ದು?"

ಇದು ಅವರೇ ಹುಟ್ಟಿಸಿದ ವಿಚಾರವಲ್ಲ. ಹಿಂದೆ ದೊಡ್ಡ ವಿಜ್ಞಾನಿಗಳೂ ಹೀಗೆ ಹೇಳಿದ್ದರಂತೆ. ಇವರು ಹಗಲು ಹೋಟೆಲಿನಲ್ಲಿ ಕೆಲಸ ಮಾಡಿಕೊಂಡು ಓದುತ್ತಿದ್ದ ಕಾಲದಲ್ಲಿ ಎಲ್ಲೋ ಅದು ಕಣ್ಣಿಗೆ ಬಿದ್ದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನಲವತ್ತು ವರ್ಷ ಅದನ್ನು ಸಾಕಿದರು. ಹೊಸ ದೂರದರ್ಶಕದ ಚಿತ್ರಗಳು ಬಂದ ಮೇಲೆ, ವಿಶ್ವ ಹುಟ್ಟಿದ ಹೊಸತರಲ್ಲೇ ಇಷ್ಟು ಬೆಳೆದ ಗ್ಯಾಲಕ್ಸಿಗಳು ಇರಬಾರದಿತ್ತು, ಹಿಗ್ಗುವ ಲೆಕ್ಕವೇ ತಪ್ಪಿರಬೇಕು ಎಂದು ಪೇಪರಿನವರೂ ಮೊಬೈಲಿನವರೂ ಗದ್ದಲ ಎಬ್ಬಿಸಿದರಲ್ಲ, ಆಗ ಇವರಿಗೆ ಹತ್ತು ವರ್ಷ ಕಡಿಮೆಯಾದ ಹಾಗಾಯಿತು.

ನಿಶಾಂತಾ, ನಿನಗೆ ನೆನಪಿದೆಯೋ ಇಲ್ಲವೋ. ಒಂದು ಭಾನುವಾರ ನೀನು ಬಲೂನಿನ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡು ಅಜ್ಜನ ಮಡಿಲಿಗೆ ಹತ್ತಿದ್ದೆ.

"ಅಜ್ಜಾ, ಯೂನಿವರ್ಸ್ ಬಲೂನ್ ಜೈಸಾ ಹೈ. ಯೂಟ್ಯೂಬ್ ಮೇ ದಿಖಾಯಾ. ಊದಿದ್ರೆ ಡಾಟ್ಸ್ ದೂರ್ ದೂರ್ ಹೋಗ್ತದೆ."

"ಹೌದಾ? ಅದನ್ನು ಊದುದು ಯಾರು? ನಿನ್ನ ಅಪ್ಪನಾ?"

"ನಹೀ, ಪಪ್ಪಾಗೆ ಕಫ್ ಆಗಿದೆ."

ಅಜ್ಜ ನಕ್ಕು ನಕ್ಕು ಕೆಮ್ಮಿದರು. ಬಲೂನನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, "ಚುಕ್ಕೆ ಎಲ್ಲಿ ಇಟ್ಟಿದ್ದಿ, ನನಗೆ ಸಿಗುದಿಲ್ಲವಲ್ಲ," ಎಂದರು. ನಾನು ಅಡುಗೆಮನೆಗೆ ಹೋದೆ.

ನನಗೆ ಅನಿಸುತ್ತಿದ್ದದ್ದು ಬೇರೆ. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟವರು, ತಾಯಿ ಸತ್ತಾಗ ತಲುಪಲಾಗದವರು. ಎಲ್ಲವೂ ಎಲ್ಲದರಿಂದ ದೂರ ಹೋಗುತ್ತಿದೆ ಎನ್ನುವುದನ್ನು ಈ ಮನುಷ್ಯನ ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ದಣಿವನ್ನು ಹಿಡಿದುಕೊಂಡಿದ್ದಾರೆ ಎಂದು ನಾನು ತಿಳಿದೆ. ಒಮ್ಮೆ ಧೈರ್ಯ ಮಾಡಿ ಹಾಗೆ ಹೇಳಿಯೂ ಇದ್ದೆ. "ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾರಾಯ್ತಿ? ನೀನು ಬರೆ," ಎಂದರು. ನಾನು ನಂಬಲಿಲ್ಲ. ಬಾಯಲ್ಲಿ ಹಾಗೆ ಹೇಳುತ್ತಾರೆ ಎಂದುಕೊಂಡೆ.

ಲೇಖನ ಮುಗಿದಾಗ ಇಪ್ಪತ್ತೆರಡು ಹಾಳೆ. ಅಚ್ಚಿಗೆ ಕೊಡುವ ಮೊದಲು ಸುರೇಖಾ ನೋಡಬೇಕು ಎಂದರು. ಸುರೇಖಾ ಅವರ ಹಳೆಯ ವಿದ್ಯಾರ್ಥಿನಿ. ವಿಜಾಪುರದ ಕಡೆಯವಳು. ಅವಳ ಅಪ್ಪ ಅಮ್ಮ ಬಾಂದ್ರಾದ ದೊಡ್ಡ ದೊಡ್ಡ ಆಫೀಸು ಕಟ್ಟುವಾಗ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದು ಇಟ್ಟಿಗೆ ಹೊತ್ತವರು. ಈಗ ಅವಳು ಪವಾಯಿಯಲ್ಲಿ ಇಂಜಿನಿಯರಿಂಗ್ ಕಲಿಯುವವರಿಗೆ ಭೌತವಿಜ್ಞಾನ ಕಲಿಸುತ್ತಾಳೆ, ನಕ್ಷತ್ರಗಳ ಬಗ್ಗೆಯೇ ಅವಳ ಅಧ್ಯಯನ. ಹಾಳೆಗಳನ್ನು ಒಯ್ಯಲು ಬಂದ ದಿನ ಇವರು ಅವಳಿಗೆ ಹೇಳಿದ್ದು ಒಂದೇ ಮಾತು: "ನಾನು ನಿನ್ನ ಪೇಪರು ಹೇಗೆ ತಿದ್ದುತ್ತಿದ್ದೆ, ಹಾಗೆ ತಿದ್ದು. ಮುದುಕ ಅಂತ ಮಾರ್ಕು ಕೊಟ್ಟರೆ ನೋಡು!"

"ಏ, ಕೊಡೂದಿಲ್ರಿ ಸರ್. ನೀವು ನನಗ ಅರ್ಧಾ ಮಾರ್ಕ್ ಸಲುವಾಗಿ ಎಷ್ಟ್ ಅಳಿಸೀರಿ!" ಎಂದು ಅವಳು ನಕ್ಕಳು.

ಹತ್ತು ದಿನ ಬಿಟ್ಟು ಮತ್ತೆ ಬಂದಳು. ಶ್ರಾವಣ ಆಗಷ್ಟೇ ಹುಟ್ಟಿತ್ತು. ಡಯಾಲಿಸಿಸ್ ಮುಗಿಸಿ ಬಂದು ಇವರು ಮಲಗಿದ್ದರು. ಅವಳ ಛತ್ರಿಯಿಂದ ನೀರು ಸೋರುತ್ತಿತ್ತು.

"ಅಮ್ಮಾರ, ಸರ್ ಮಲಗ್ಯಾರೇನ್ರಿ? ಎಬ್ಬಸಬ್ಯಾಡ್ರಿ. ನಾ ನಾಳೆ ಹೊರದೇಶಕ್ಕ ಹೊಂಟೀನಿ, ಎರಡ ತಿಂಗಳ ಆಗ್ತದ. ಎಲ್ಲಾ ಕನ್ನಡದಾಗ ಬರದೀನ್ರಿ, ನಾಕ ಪುಟ. ನೀವ ಓದಿ ಹೇಳ್ರಿ." ಲೇಖನದ ಹಾಳೆಗಳನ್ನೂ ಒಂದು ಲಕೋಟೆಯನ್ನೂ ನನ್ನ ಕೈಯಲ್ಲಿಟ್ಟು ಒಂದು ಗಳಿಗೆ ನಿಂತಳು. "ಸರ್‌ಗೆ ಬ್ಯಾಸರ ಆಗಬಹುದ್ರಿ. ಆದ್ರ ಹಿಂಗ ತಿದ್ದಬೇಕಂತ ಕಲಿಸಿದವರು ಅವರ ಅಲ್ಲೇನ್ರಿ?"

ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಮೊದಲು ನಾನೇ ಓದಿದೆ. ಮೊದಲ ಪುಟದಲ್ಲಿ ಇವರ ಬರವಣಿಗೆಯ ಬಗ್ಗೆ ಪ್ರೀತಿಯ ಮಾತು: ಇಷ್ಟು ಸ್ಪಷ್ಟವಾಗಿ ಕನ್ನಡದಲ್ಲಿ ಈ ವಿಷಯ ಬರೆದವರು ಕಡಿಮೆ ಎಂದು. ಕೊನೆಯ ಪುಟದಲ್ಲಿ, ನಮ್ಮಲ್ಲೂ ಇನ್ನೂ ಬಿಡಿಸದ ಗಂಟುಗಳಿವೆ, ವಿಶ್ವ ಎಷ್ಟು ವೇಗದಲ್ಲಿ ಹಿಗ್ಗುತ್ತಿದೆ ಎಂದು ಎರಡು ದಾರಿಯಿಂದ ಅಳೆದರೆ ಎರಡು ಉತ್ತರ ಬರುತ್ತಿದೆ, ಹೊಸ ಚಿತ್ರಗಳು ನಮ್ಮನ್ನು ತಲೆ ಕೆರೆದುಕೊಳ್ಳುವಂತೆ ಮಾಡಿವೆ ಎಂದು.

ನಡುವಿನ ಎರಡು ಪುಟಗಳಲ್ಲಿ ಇವರ ನಲವತ್ತು ವರ್ಷ ಬಿದ್ದುಹೋಗಿತ್ತು.

ಅವಳು ಬರೆದದ್ದು ನನಗೂ ತಿಳಿಯಿತು, ಅಷ್ಟು ಸರಳವಾಗಿ ಬರೆದಿದ್ದಳು. ಒಂದು ಜಾತಿಯ ನಕ್ಷತ್ರಗಳು ಸಾಯುವಾಗ ಸಿಡಿಯುತ್ತವಂತೆ. ಸಿಡಿದು, ಹೊಳೆದು, ಮಂಕಾಗಲು ಎಲ್ಲಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ ಹಿಡಿಯುತ್ತದೆ. ಆದರೆ ಬಹಳ ದೂರದವನ್ನು ನೋಡಿದರೆ ಅವು ನಿಧಾನವಾಗಿ ಮಂಕಾಗುತ್ತವೆ. ಬೆಳಕಿನ ಅಲೆ ಎರಡು ಪಟ್ಟು ಉದ್ದವಾಗಿ ಕೆಂಪಾಗಿದ್ದರೆ ದಿನಗಳೂ ಎರಡು ಪಟ್ಟು. ಬೆಳಕು ಬರೀ ದಣಿದಿದ್ದರೆ ಬಣ್ಣ ಬದಲಾಗಬೇಕಿತ್ತು, ದಿನಗಳು ಯಾಕೆ ಬದಲಾಗಬೇಕು? 'ಸರ್, ಒಬ್ಬ ಮನುಷ್ಯ ದಿನಕ್ಕೊಂದು ಕಾಗದ ಬರೆಯುತ್ತಾನೆ ಎನ್ನಿ. ಅಂಚೆಯವನು ದಣಿದು ನಿಧಾನವಾಗಿ ನಡೆದರೆ ಎಲ್ಲ ಕಾಗದಗಳೂ ತಡವಾಗಿ ಬರುತ್ತವೆ, ಆದರೂ ದಿನಕ್ಕೊಂದರಂತೆಯೇ ಬರುತ್ತವೆ. ಬರೆಯುವವನೇ ದಿನದಿನವೂ ದೂರ ಹೋಗುತ್ತಿದ್ದರೆ ಮಾತ್ರ ಒಂದು ಕಾಗದಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು ಹೆಚ್ಚುತ್ತದೆ. ಆಕಾಶದಲ್ಲಿ ನಾವು ನೋಡುತ್ತಿರುವುದು ಬಿಡುವು ಹೆಚ್ಚಿದ ಕಾಗದಗಳನ್ನು.' ಇನ್ನೊಂದು ಮಾತನ್ನೂ ಸೇರಿಸಿದ್ದಳು: ದಾರಿಯಲ್ಲಿ ಏನಕ್ಕಾದರೂ ಢಿಕ್ಕಿ ಹೊಡೆದು ಬೆಳಕು ಶಕ್ತಿ ಕಳೆದುಕೊಂಡಿದ್ದರೆ ಅದು ಅತ್ತಿತ್ತ ಚೆದರಿ ದೂರದ ಚಿತ್ರಗಳೆಲ್ಲ ಮಸುಕಾಗಬೇಕಿತ್ತು. ಹೊಸ ದೂರದರ್ಶಕದ ಚಿತ್ರಗಳು ಹಾಗಿಲ್ಲ, ಅಂಚು ಸಮೇತ ಸ್ಪಷ್ಟವಾಗಿವೆ. ಆ ಚಿತ್ರಗಳಿಂದ ಗ್ಯಾಲಕ್ಸಿ ಹೇಗೆ ಬೆಳೆಯಿತು ಎಂಬ ನಮ್ಮ ತಿಳಿವಳಿಕೆ ಬದಲಾಗಬಹುದು, ವಿಶ್ವ ಹಿಗ್ಗುತ್ತಿದೆ ಎನ್ನುವುದು ಬದಲಾಗುವುದಿಲ್ಲ ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದಳು.

ಇಲ್ಲಿ ನನ್ನ ಊರಿನ ಒಂದು ಸಂಗತಿ ಹೇಳಬೇಕು. ನಾನು ಹುಡುಗಿಯಾಗಿದ್ದಾಗ ನಮ್ಮ ಕೇರಿಯಲ್ಲಿ ಓದು ಬರೆಹ ಬಲ್ಲ ಹೆಣ್ಣುಮಕ್ಕಳು ಎರಡೋ ಮೂರೋ. ಗಂಡಂದಿರು ಬೊಂಬಾಯಿ ಹೋಟೆಲುಗಳಲ್ಲಿದ್ದ ಹೆಂಗಸರು ಕಾಗದ ಬಂದರೆ ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಹಿತ್ತಲ ಕಡೆ ಕೂತು ಓದಿ ಹೇಳುತ್ತಿದ್ದೆ. ಎಲ್ಲವನ್ನೂ ಓದುತ್ತಿರಲಿಲ್ಲ. ಬೈಗುಳ ಇದ್ದರೆ ಬಿಡುತ್ತಿದ್ದೆ. ನೆರೆಮನೆಯ ಗುಲಾಬಿಯಕ್ಕನ ಗಂಡ ಒಂದು ಸಲ 'ಈ ವರ್ಷವೂ ಬರುವುದಿಲ್ಲ, ನನ್ನನ್ನು ಕಾಯಬೇಡ' ಎಂದು ಬರೆದಿದ್ದ. ನಾನು ಅದನ್ನು ಹಾರಿಸಿ, ಮಕ್ಕಳಿಗೆ ಆಶೀರ್ವಾದ ಎಂದು ಇದ್ದಲ್ಲಿಗೆ ಹೋದೆ. ಗುಲಾಬಿಯಕ್ಕ ನನ್ನ ಕೆನ್ನೆ ಸವರಿ ಒಂದು ಹಲಸಿನ ಹಪ್ಪಳದ ಕಟ್ಟು ಕೊಟ್ಟಳು. ಗೊತ್ತಾದ ಹಿರಿಯರು, "ಜಲಜನ ಬಾಯಿಂದ ಕೆಟ್ಟದ್ದು ಹೊರಗೆ ಬೀಳುದಿಲ್ಲ," ಎಂದು ಮೆಚ್ಚಿದರು. ಬಸ್ಸು ಬರುವ ಹೊತ್ತಿಗೆ ಗುಲಾಬಿಯಕ್ಕ ಬೇಲಿಯ ದಣಪೆಯ ಹತ್ತಿರ ನಿಲ್ಲುತ್ತಿದ್ದದ್ದನ್ನು ನಾನೂ ನೋಡಿದ್ದೆ, ಅವರೂ ನೋಡಿದ್ದರು. ಆದರೂ ಓದಿ ಹೇಳುವುದೆಂದರೆ ಹೀಗೆಯೇ ಎಂದು ನಾನು ಕಲಿತೆ.

ಸಂಜೆ ಇವರು ಎದ್ದು ಚಹಾ ಕುಡಿದು, "ಸುರೇಖಾ ಬಂದ ಹಾಗೆ ಕೇಳಿತು," ಎಂದರು.

"ಬಂದಿದ್ದಳು. ಕಾಗದ ಕೊಟ್ಟು ಹೋದಳು."

"ಓದು ಓದು."

ಮೊದಲ ಪುಟ ಓದಿದೆ. ಅಲ್ಲಿಂದ ಕೊನೆಯ ಪುಟಕ್ಕೆ ಹೋದೆ. ನನ್ನ ಧ್ವನಿ ನಡುಗಲಿಲ್ಲ, ಅಭ್ಯಾಸವಿತ್ತಲ್ಲ.

"ಇಷ್ಟೇನಾ?"

"ಇಷ್ಟೇ."

ಅವರ ಮುಖ ಬೆಳಗಿತು. ಅದನ್ನು ನೋಡಿ ನಾನು ಮಾಡಿದ್ದು ಸರಿ ಎಂದುಕೊಂಡೆ. ಕಾಗದವನ್ನು ಅಕ್ಕಿ ಡಬ್ಬದ ಅಡಿ ಇಟ್ಟೆ. ಮರುದಿನ ಅವಳಿಗೆ ಥ್ಯಾಂಕ್ಸ್ ಕಳಿಸು ಎಂದರು, ಮೊಬೈಲಿನಲ್ಲಿ ಕಳಿಸಿದೆ. 'ಸರ್‌ಗೆ ಬ್ಯಾಸರ ಆಗಿಲ್ಲಲ್ರಿ? ಅವರ ಉತ್ತರಕ್ಕ ಕಾಯತೀನಿ' ಎಂದು ಅವಳು ಬರೆದಳು. ಏನು ಬರೆದಿದ್ದಾಳೆ ಎಂದು ಇವರು ಕೇಳಿದರು. "ಆರೋಗ್ಯ ನೋಡಿಕೊಳ್ಳಿ ಅಂತ," ಎಂದೆ. ಒಂದು ಸಾಲು ಹಾರಿಸಿದವಳು ಇನ್ನು ಪ್ರತಿ ದಿನ ಹಾರಿಸಬೇಕಾಗುತ್ತದೆ ಎಂದು ಆಗ ತಿಳಿಯಿತು.

ನಾಗರಪಂಚಮಿ ಹೋಯಿತು, ಅಷ್ಟಮಿ ಹೋಯಿತು. ಆ ದಿನಗಳಲ್ಲಿ ಅವರು ಚೆನ್ನಾಗಿದ್ದರು. ಚೆನ್ನಾಗಿದ್ದರು ಎನ್ನುವುದನ್ನು ಈಗ ಬರೆಯುವಾಗ ಕೈ ನಿಲ್ಲುತ್ತದೆ. ಬೆಳಿಗ್ಗೆ ಎರಡು ಗಂಟೆ ಕೂತು ಮಾತಾಡುವ ಶಕ್ತಿ ಇತ್ತು. ಆದರೆ ಲೇಖನ ಮುಗಿಯಿತಲ್ಲ ಎಂದು ಅವರು ರೇಡಿಯೋ ಕೇಳುತ್ತಾ ಕಳೆದರು. ನಾನು ಹಾಳೆಗಳಿಗೆ ಇಸ್ತ್ರಿ ಹಾಕುವುದು ನಿಲ್ಲಿಸಿದ್ದೆ.

ಗಣೇಶ ಚೌತಿಯ ಮುಂಚೆ ವಾಸುದೇವಣ್ಣ ಬಂದರು. ಬಾಂದ್ರಾದಲ್ಲಿ ಹೋಟೆಲು ನಡೆಸುತ್ತಾರೆ, ನಮ್ಮ ಕಡೆಯವರ ಸಣ್ಣ ಸಂಘವೊಂದರ ಪತ್ರಿಕೆಯನ್ನೂ ಅವರೇ ನೋಡಿಕೊಳ್ಳುತ್ತಾರೆ.

"ಮಾಸ್ಟ್ರೇ, ದೀಪಾವಳಿ ಸಂಚಿಕೆಗೆ ನಿಮ್ಮದೇ ಮೊದಲ ಲೇಖನ. ಓದಿ ನನಗೆ ಅರ್ಥ ಆಗ್ಲಿಕ್ಕಿಲ್ಲ, ಅಷ್ಟು ದೊಡ್ಡದು ಅಂತ ಮಾತ್ರ ಅರ್ಥ ಆಗ್ತದೆ."

"ನಿನ್ನ ಸಾಂಬಾರು ಸಹ ನನಗೆ ಹಾಗೇ ವಾಸು. ಕುಡಿಯುದಿಲ್ವಾ?"

ಅವರಿಬ್ಬರ ನಗು ಬಿಲ್ಡಿಂಗಿಗೆಲ್ಲ ಕೇಳಿತು. ವಾಸುದೇವಣ್ಣ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋದರು. ಕೃತಜ್ಞತೆಯ ನಾಲ್ಕು ಸಾಲು ಆಮೇಲೆ ಕಳಿಸುತ್ತೇನೆ ಎಂದು ಇವರು ಹೇಳಿದರು.

ಚೌತಿಯ ವಾರದಲ್ಲೇ ಇವರಿಗೆ ಜ್ವರ ಬಂತು. ಐದು ದಿನ ಆಸ್ಪತ್ರೆ. ಮನೆಗೆ ಮರಳಿದಾಗ ಮಂಚದಿಂದ ಏಳಲು ಇಬ್ಬರು ಬೇಕಿತ್ತು. ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ನಿಮ್ಮ ಅಪ್ಪನನ್ನು ಹೊರಗೆ ಕರೆದು ಹೇಳಿದ್ದರು. ಹೊರಗೆ ಹೇಳಿದರೂ ಮುಖ ನೋಡಿ ನಮಗೆಲ್ಲ ತಿಳಿಯಿತು, ಮುಖ ನೋಡಲಾಗದ ಇವರಿಗೂ ಹೇಗೋ ತಿಳಿಯಿತು. ಮರುದಿನ ಬೆಳಿಗ್ಗೆ, "ಪೆನ್ನು ತೆಗೆ, ಆ ನಾಲ್ಕು ಸಾಲು ಬರೆದುಬಿಡುವ," ಎಂದರು. ದಿಂಬಿಗೆ ಒರಗಿ ನಿಲ್ಲಿಸಿ ನಿಲ್ಲಿಸಿ ಹೇಳಿದರು. ನಾನು ಬರೆದೆ. 'ಈ ಲೇಖನವನ್ನು ಖಗೋಳ ವಿಜ್ಞಾನದ ಪ್ರಾಧ್ಯಾಪಕಿಯೂ ನನ್ನ ವಿದ್ಯಾರ್ಥಿನಿಯೂ ಆದ ಸುರೇಖಾ ಓದಿ...'

"ಓದಿ, ನನ್ನ ವಾದವನ್ನು ತಳ್ಳಿಹಾಕುವ ಸಾಕ್ಷ್ಯ ಇಲ್ಲವೆಂದು ಒಪ್ಪಿದ್ದಾಳೆ," ಎಂದರು.

ನನ್ನ ಕೈ ನಿಂತಿತು. ಅವಳ ಹೆಸರು ಅಚ್ಚಾಗುತ್ತದೆ. ಪವಾಯಿಯಲ್ಲಿ ಅವಳ ಜೊತೆ ಕೆಲಸ ಮಾಡುವವರ ಕೈಗೂ ಹೋಗಬಹುದು. ಇಟ್ಟಿಗೆ ಹೊತ್ತವರ ಮಗಳು ಅರ್ಧ ಅರ್ಧ ಮಾರ್ಕಿಗೆ ಅತ್ತು ಗಳಿಸಿದ ಹೆಸರು.

"ಎಂತದ್ದು? ಪೆನ್ನಿನ ಶಬ್ದ ಕೇಳುದಿಲ್ಲ."

"ಹಾಗೆ ಬರೆಯಲಿಕ್ಕೆ ಆಗುದಿಲ್ಲ," ಎಂದೆ. ಹೇಳಿದ್ದು ನಾನೇ ಎಂದು ನನಗೇ ಅನಿಸಲಿಲ್ಲ. "ಅವಳು ಒಪ್ಪಲಿಲ್ಲ. ನಡುವೆ ಎರಡು ಪುಟ ಉಂಟು. ನಾನು ಓದಲಿಲ್ಲ."

ಹೊರಗೆ ಯಾರದೋ ಮನೆಯ ಗಣಪತಿಗೆ ಆರತಿ ಆಗುತ್ತಿತ್ತು. ಅದು ಮುಗಿದ ಮೇಲೆ ಅವರು ಕೈ ಚಾಚಿ, "ತಾ. ಈಗ ಓದು," ಎಂದರು.

ಅಕ್ಷರ ಅಕ್ಷರ ಓದಿದೆ. ಅಂಚೆಯವನ ಮಾತು ಬಂದಾಗ ಕೈ ಎತ್ತಿದರು. "ಪುನಃ ಓದು." ಓದಿದೆ. "ಇನ್ನೊಮ್ಮೆ." ಮೂರನೇ ಸಲ ಓದುವಾಗ ಅವರ ತುಟಿ ನನ್ನ ಜೊತೆ ಆಡುತ್ತಿತ್ತು. ಆಮೇಲೆ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ.

"ಎಷ್ಟು ಚಂದ ಹೇಳಿದ್ದಾಳೆ ನೋಡು! ದಣಿವು ಆದರೆ ತಡ ಮಾತ್ರ, ಬಿಡುವು ಹೆಚ್ಚಬಾರ್ದು. ಮುಗೀತು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಈ ನಕ್ಷತ್ರದ ವಿಷಯ ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ, ನಾನು ಓದುದು ನಿಲ್ಲಿಸಿದ ಮೇಲೆ ಬಂದದ್ದಿರಬೇಕು. ಹುಡುಗಿ ಗೆದ್ದಳು." ಹಾಗೆ ಹೇಳುವಾಗ ಅವರು ಸೋತವರ ಹಾಗೆ ಕಾಣಲಿಲ್ಲ. ಕ್ಲಾಸಿನಲ್ಲಿ ಸರಿ ಉತ್ತರ ಬಂದಾಗ ಮೇಜು ತಟ್ಟುತ್ತಿದ್ದರಂತೆ, ಹಾಗೆ ಮಂಚದ ಅಂಚನ್ನು ತಟ್ಟಿದರು.

ನನಗೆ ಅಳು ಬಂತು, ನಿರಾಳದಿಂದ. ಅಷ್ಟರಲ್ಲಿ ಕೇಳಿದರು:

"ಇದು ಬಂದದ್ದು ಯಾವಾಗ?"

"ಶ್ರಾವಣದ ಮೊದಲಿಗೆ. ಅವಳು ಬಂದ ದಿನವೇ."

ಅವರು ಬೆರಳು ಮಡಚಿದರು. ಒಂದೂವರೆ ತಿಂಗಳು. ತಟ್ಟುತ್ತಿದ್ದ ಕೈ ಹಾಸಿಗೆಯ ಮೇಲೆ ಹಾಗೇ ಉಳಿಯಿತು.

"ಆಗ ನಾನು ಕೂರ್ತಾ ಇದ್ದೆ," ಎಂದರು. "ಎಲ್ಲವನ್ನೂ ಹೊಸತಾಗಿ ಬರೀಬಹುದಿತ್ತು."

"ನೀವು ನೊಂದುಕೊಳ್ತೀರಿ ಅಂತ..."

"ಸತ್ಯ ಕೇಳಿ ನಾನು ನೊಂದುಕೊಳ್ತೇನಾ? ನಲವತ್ತಾರು ವರ್ಷ ಒಟ್ಟಿಗೆ ಇದ್ದು ನಿನಗೆ ನನ್ನ ಬಗ್ಗೆ ಗೊತ್ತಾದದ್ದು ಇಷ್ಟೇನಾ ಜಲಜ?"

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಮರೆಯುತ್ತಿದ್ದೆ.

ವಾಸುದೇವಣ್ಣನಿಗೆ ಫೋನ್ ಮಾಡಿಸಿದರು. ಹಳೆಯದನ್ನು ಹಾಕಬೇಡಿ, ಬೇರೆ ಕೊಡುತ್ತಾರೆ ಎಂದು ನಾನು ಹೇಳಿದೆ. "ಆಯ್ತು ಅಕ್ಕ, ಮಾಸ್ಟ್ರು ಎಂತೋ ಸಣ್ಣಪುಟ್ಟ ತಿದ್ದುದಾಗಿರಬೇಕು, ಕಳಿಸಿ, ಅಷ್ಟರವರೆಗೆ ಇರ್ಲಿ," ಎಂದರು. ಸಣ್ಣಪುಟ್ಟದಲ್ಲ ಎಂದು ಹೇಳಬೇಕಿತ್ತು. ಹೋಟೆಲಿನ ಗಲಾಟೆಯಲ್ಲಿ ನನ್ನ ಧ್ವನಿ ಅವರಿಗೆ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಫೋನ್ ಇಟ್ಟೆ.

ಮತ್ತೆ ಹಾಳೆಗಳಿಗೆ ಇಸ್ತ್ರಿ ಹಾಕಿದೆ. ಒಂಬತ್ತು ಬೆಳಿಗ್ಗೆ ಕೆಲಸ ನಡೆಯಿತು. ಎರಡು ವಾಕ್ಯ ಹೇಳಿದರೆ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದರು. ಕೆಲವು ದಿನ ಒಂದೇ ವಾಕ್ಯ. ಒಟ್ಟು ಮೂರು ಹಾಳೆ ಆಯಿತು. ಕೆಲಸದ ಮಾತು ಬಿಟ್ಟು ಬೇರೆ ಏನೂ ನನ್ನ ಹತ್ತಿರ ಆಡಲಿಲ್ಲ ಎಂದರೆ ಸುಳ್ಳಾಗುತ್ತದೆ; ನೀರು ಕೊಡು, ಕಾಲು ಎತ್ತಿ ಇಡು, ಮಕ್ಕಳು ಬಂದವಾ ಎಂದೆಲ್ಲ ಕೇಳುತ್ತಿದ್ದರು. ಆದರೆ ಆ ಒಂದು ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಅವರು ಮತ್ತೆ ಕೇಳಲೂ ಇಲ್ಲ. ದಸರೆಗೆ ನಾಲ್ಕು ದಿನ ಇರುವಾಗ, ಡಯಾಲಿಸಿಸ್ ಕುರ್ಚಿಯಲ್ಲೇ ಹೋದರು. ನನ್ನ ಕೈಯಲ್ಲಿ ಅವರ ಚಪ್ಪಲಿ ಇತ್ತು.

ಸುರೇಖಾ ಹೊರದೇಶದಿಂದ ಮರಳಿ ಬಂದದ್ದು ಅವರು ಹೋದ ಹನ್ನೊಂದನೇ ದಿನ. ಬಾಗಿಲು ಹಾಕಿಕೊಂಡು ಅವಳಿಗೆ ಎಲ್ಲ ಹೇಳಿದೆ. ಮೂರು ಹಾಳೆಗಳನ್ನು ತೊಡೆಯ ಮೇಲಿಟ್ಟು ಓದಿದಳು. ಬಹಳ ಹೊತ್ತು ಅತ್ತಳು. ನನ್ನನ್ನು ಬೈಯಲಿಲ್ಲ.

"ವಾಸುದೇವಣ್ಣನಿಗೆ ನೀನೇ ಹೇಳಮ್ಮ. ಸಂತಾಪ ಸಭೆ ಮಾಡ್ತಾರಂತೆ, ಅಲ್ಲಿ ನೀನೇ ಎದ್ದು ಹೇಳು," ಎಂದೆ.

ಕಣ್ಣೊರೆಸಿಕೊಂಡು ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ ಅಮ್ಮಾರ. ನಾ ಹೇಳಿದ್ರ ನಾ ಗೆದ್ದೆ ಅಂದಂಗ ಆಗ್ತದ. ನೀವ ಹೇಳಿದ್ರ ಸರ್ ತಾವ ತಿದ್ದಿಕೊಂಡ್ರು ಅಂದಂಗ ಆಗ್ತದ. ಇದನ್ನ ನೀವ ಹೇಳಬೇಕ್ರಿ."

ಸಭೆ ಬಾಂದ್ರಾದಲ್ಲಿ, ವಾಸುದೇವಣ್ಣನ ಹೋಟೆಲಿನ ಮೇಲಿನ ಹಾಲಿನಲ್ಲಿ. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ, ಬ್ಯಾಗಿನಲ್ಲಿ ಮೂರು ಹಾಳೆ. ವಾಸುದೇವಣ್ಣ ಎದ್ದು, ಕಣ್ಣಲ್ಲಿ ನೀರು ತುಂಬಿಕೊಂಡು, "ಇಡೀ ಜಗತ್ತು ಒಂದು ಹೇಳಿದರೂ ನಮ್ಮ ಮಾಸ್ಟ್ರು ಕೊನೆ ಉಸಿರಿನವರೆಗೂ ತನ್ನ ಮಾತಿನಿಂದ ಕದಲಲಿಲ್ಲ. ವಿಶ್ವ ಹಿಗ್ಗುದಿಲ್ಲ ಅಂತ ಹೇಳಿಯೇ ಹೋದರು," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದೆಂದು ನೆನಪಾಗಿ ನಿಲ್ಲಿಸಿದರು. ಮನೆಯವರು ಯಾರಾದರೂ ಎರಡು ಮಾತು ಆಡಬೇಕು ಎಂದು ಕೇಳಿದರು. ಸುರೇಖಾ ತಿರುಗಿ ನನ್ನ ಕಡೆ ನೋಡಿದಳು. ಬ್ಯಾಗಿನ ಜಿಪ್ಪಿನ ಮೇಲೆ ನನ್ನ ಕೈ ಇತ್ತು. ಅಷ್ಟು ಜನ. ಅಷ್ಟು ಗಂಡಸರು. ಜಿಪ್ಪನ್ನು ತೆರೆಯದೆ ತಲೆ ತಗ್ಗಿಸಿದೆ. ನಿಮ್ಮ ಅಪ್ಪ ಎದ್ದು ಬಂದವರಿಗೆಲ್ಲ ವಂದಿಸಿದ. ಸಭೆ ಮುಗಿಯಿತು.

ದೀಪಾವಳಿ ಸಂಚಿಕೆಯಲ್ಲಿ ಅಜ್ಜನ ಫೋಟೋಕ್ಕೆ ಕಪ್ಪು ಅಂಚು ಹಾಕಿ ಆ ಇಪ್ಪತ್ತೆರಡು ಹಾಳೆಯ ಹಳೆಯ ಲೇಖನವನ್ನೇ ಹಾಕಿದರು. ಹೊಸದು ಬರಲಿಲ್ಲ, ಗೌರವವಾಗಲಿ ಎಂದು ಹಾಕಿದೆವು ಎಂದರು. ಅವರ ತಪ್ಪಿಲ್ಲ. ಈ ಮನೆಯ ಶೋಕೇಸಿನಲ್ಲಿ ನೀವು ನೋಡಿರುವ ಪುಸ್ತಕ ಅದೇ. ನಿಮ್ಮ ಗೆಳೆಯರಿಗೆ, ನಮ್ಮ ಅಜ್ಜ ಬರೆದದ್ದು ಎಂದು ತೋರಿಸುತ್ತೀರಿ. ನಾಳೆ ನೀವು ಕಾಲೇಜಿಗೆ ಹೋಗಿ ವಿಜ್ಞಾನ ಓದಿ, ಅಜ್ಜನಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನಕ್ಕರೆ? ಆ ನಗುವಿಗೆ ಅವರು ಪಾತ್ರರಲ್ಲ, ನಾನು. ಸಭೆಯಲ್ಲಿ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ. ಮೂರು ಹಾಳೆಗಳ ಕೊನೆಯ ಭಾಗವನ್ನು ಇಲ್ಲಿ ಹಾಗೆಯೇ ಇಳಿಸುತ್ತೇನೆ.

'ಬೆಳಕು ದಾರಿಯಲ್ಲಿ ದಣಿಯುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ದೂರದ ನಕ್ಷತ್ರಗಳು ನಿಧಾನವಾಗಿ ಮಂಕಾಗುವುದನ್ನು ನನ್ನ ನಂಬಿಕೆ ವಿವರಿಸಲಾರದು. ವಿವರಿಸಲಾರದ್ದನ್ನು ಬಿಡಬೇಕು. ವಿಶ್ವ ಹಿಗ್ಗುತ್ತಿದೆ. ಇದನ್ನು ನನಗೆ ತೋರಿಸಿಕೊಟ್ಟವಳು ನನ್ನ ವಿದ್ಯಾರ್ಥಿನಿ ಎಂಬುದು ನನ್ನ ಕೆಲಸಕ್ಕೆ ಸಿಕ್ಕ ಫಲ. ಕ್ಲಾಸಿನಲ್ಲಿ ನಾನು ಯಾರಿಗಾದರೂ ಬೇರೆ ರೀತಿ ಹೇಳಿದ್ದರೆ ಅವರು'

ಇಲ್ಲಿಗೆ ಬಂದಾಗ ಅವರಿಗೆ ಕೆಮ್ಮು ಬಂತು. ಬೆನ್ನು ನೀವಿದೆ. ಇವತ್ತಿಗೆ ಸಾಕು ಎಂದರು. ಅದು ಒಂಬತ್ತನೇ ಬೆಳಿಗ್ಗೆ. ಆ ವಾಕ್ಯವನ್ನು ಮುಗಿಸುವಷ್ಟು ದಿನಗಳು ಶ್ರಾವಣದಲ್ಲಿ ಅವರಿಗೆ ಇದ್ದವು. ನಾನು ಕೊಡಲಿಲ್ಲ.